ಬೇಸ್‌ಮೆಂಟ್ ಸೀಲಿಂಗ್: ಬಣ್ಣ ಹೊಡೆದು ಬಿಡೋದಾ, ಮುಚ್ಚಿಬಿಡೋದಾ?

ಅಮೆರಿಕದ ಉತ್ತರ ಭಾಗದಲ್ಲೋ ಕೆನಡಾದಲ್ಲೋ ಮನೆ ಕೊಂಡರೆ ಅದರ ಜೊತೆಗೆ ಒಂದು ಬೇಸ್‌ಮೆಂಟೂ ಬರುತ್ತದೆ. ಟೆಕ್ಸಾಸ್, ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ಈ ತಲೆನೋವು ಕಡಿಮೆ. ಚಳಿ ಜಾಸ್ತಿ ಇರುವ ಊರಲ್ಲಿ ಮಣ್ಣು ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಪಾಯ ಇಳಿಸಲೇಬೇಕು. ಅಷ್ಟು ಅಗೆದ ಮೇಲೆ ಇನ್ನೂ ಸ್ವಲ್ಪ ಅಗೆದು ಒಂದು ಅಂತಸ್ತನ್ನೇ ಮಾಡಿಬಿಡುತ್ತಾರೆ. ಬಿಲ್ಡರ್ ಮಾತ್ರ ಅದನ್ನು ಕಾಂಕ್ರೀಟ್ ಗೋಡೆ, ಕಾಂಕ್ರೀಟ್ ನೆಲದ ಜೊತೆ ಹಾಗೇ ಬಿಟ್ಟು ಹೋಗಿರುತ್ತಾನೆ. ತಲೆ ಎತ್ತಿದರೆ ಮೇಲಿನ ನೆಲವನ್ನು ಹೊತ್ತ ಮರದ ತೊಲೆಗಳು (ಜಾಯಿಸ್ಟ್), ಬಿಸಿ-ತಂಪು ಗಾಳಿ ಸಾಗಿಸುವ ತಗಡಿನ ಡಕ್ಟ್, ನೀರಿನ ಪೈಪು, ವೈರು, ಮೇಲಿನ ನೆಲದಿಂದ ತೂರಿ ಬಂದ ಮೊಳೆ.

ಮಕ್ಕಳ ಆಟಕ್ಕೆ, ಜಿಮ್‌ಗೆ, ಕನ್ನಡ ಕೂಟದ ನಾಟಕದ ತಾಲೀಮಿಗೆ, ಆರು ತಿಂಗಳಿಗೆ ಅಂತ ಬಂದ ಅಪ್ಪ ಅಮ್ಮನಿಗೆ ಒಂದು ರೂಮಿಗೆ, ಹೀಗೆ ಈ ಜಾಗಕ್ಕೆ ನೂರು ಯೋಜನೆ ಇರುತ್ತವೆ. ಗೋಡೆ, ನೆಲದ ವಿಷಯದಲ್ಲಿ ಎಲ್ಲರಿಗೂ ಬೇಗ ಒಂದು ತೀರ್ಮಾನ ಸಿಗುತ್ತದೆ. ಸಿಕ್ಕಿಹಾಕಿಕೊಳ್ಳುವುದು ಸೀಲಿಂಗ್‌ನಲ್ಲಿ. ದಾರಿ ಮೂರಿವೆ: ಇದ್ದದ್ದನ್ನು ಇದ್ದ ಹಾಗೇ ಇಟ್ಟು ಎಲ್ಲಕ್ಕೂ ಒಂದೇ ಬಣ್ಣ ಹೊಡೆಯುವುದು, ಡ್ರೈವಾಲ್ (ಜಿಪ್ಸಂ ಹಲಗೆ) ಹಾಕಿ ಮುಚ್ಚುವುದು, ಇಲ್ಲವೇ ಆಫೀಸುಗಳಲ್ಲಿ ಕಾಣುವಂಥ, ಲೋಹದ ಗ್ರಿಡ್‌ನಲ್ಲಿ ಹಗುರ ಟೈಲ್ ಕೂರಿಸಿದ ಡ್ರಾಪ್ ಸೀಲಿಂಗ್ ತೂಗುಹಾಕುವುದು.

ನನ್ನ ಒಲವು ಎತ್ತ ಅಂತ ಮೊದಲೇ ಹೇಳಿಬಿಡುತ್ತೇನೆ. ಬಣ್ಣ ಹೊಡೆದ ಸೀಲಿಂಗನ್ನು ಐದು ವರ್ಷ ಬಿಟ್ಟು ಬೇಕಾದರೂ ಮುಚ್ಚಬಹುದು. ಮುಚ್ಚಿದ್ದನ್ನು ಬಿಚ್ಚುವುದು ಅಂದರೆ ದುಡ್ಡು, ಧೂಳು, ಜಗಳ ಮೂರೂ. ಮನಸ್ಸು ಗಟ್ಟಿಯಾಗಿಲ್ಲದಿದ್ದರೆ ಬಣ್ಣದಿಂದ ಶುರು ಮಾಡುವುದೇ ಸರಿ. ಆದರೆ ಕೆಲವು ಮನೆಗಳಲ್ಲಿ ಬಣ್ಣದ ಮಾತೇ ಎತ್ತಬಾರದು. ಅದನ್ನು ಮೊದಲು ನೋಡೋಣ.

ಬಣ್ಣ ಸಲ್ಲದ ಮನೆಗಳು

ಮೊದಲು ನಿಮ್ಮ ಜಾಯಿಸ್ಟ್ ಯಾವ ಜಾತಿಯದು ಅಂತ ನೋಡಿ. ಇಡಿಯಾದ ಮರದ ಹಲಗೆ, ಅಂದರೆ 2×10 ಅಥವಾ 2×12 (ಅಂಗಡಿ ಲೆಕ್ಕದ ಇಂಚು) ಇದ್ದರೆ ನಿರಾಳ. ಇಂಗ್ಲಿಷಿನ 'ಐ' ಅಕ್ಷರದ ಆಕಾರದಲ್ಲಿ, ಮೇಲೆ ಕೆಳಗೆ ದಪ್ಪ ಪಟ್ಟಿ, ನಡುವೆ ಮರದ ಚಕ್ಕೆ ಒತ್ತಿ ಮಾಡಿದ ತೆಳು ಹಲಗೆ (ಓಎಸ್‌ಬಿ) ಇದ್ದರೆ ಅದು ಐ-ಜಾಯಿಸ್ಟ್. ನಡುವಿನ ಹಲಗೆ ತುಂಬ ತೆಳು. ಬೆಂಕಿ ಬಿದ್ದರೆ ಬೇಗ ಸುಟ್ಟು ಮೇಲಿನ ನೆಲ ಕುಸಿಯುತ್ತದೆ. ಬೆಂಕಿ ಆರಿಸಲು ಬಂದವರು ಆ ನೆಲದ ಮೇಲೆ ನಿಂತಿರುತ್ತಾರೆ ಅನ್ನುವುದು ಇಲ್ಲಿನ ದೊಡ್ಡ ಭಯ. ಹಾಗಾಗಿ 2012ರಿಂದ ಅಮೆರಿಕದ ಮಾದರಿ ವಸತಿ ಕೋಡ್‌ನಲ್ಲಿ (ಮನೆ ಕಟ್ಟುವ ನಿಯಮಾವಳಿಯಲ್ಲಿ) ಇಂಥ ಹೊಸ ನೆಲಗಳ ಅಡಿಗೆ ಅರ್ಧ ಇಂಚಿನ ಡ್ರೈವಾಲ್ ಅಥವಾ ಅದಕ್ಕೆ ಸಮನಾದ ರಕ್ಷಣೆ ಇರಬೇಕು ಅನ್ನುವ ನಿಯಮ ಬಂದಿದೆ. 2×10 ಅಥವಾ ಅದಕ್ಕಿಂತ ದೊಡ್ಡ ಇಡಿ ಮರಕ್ಕೆ ಮತ್ತು ಬೆಂಕಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರುವ ಮನೆಗೆ ವಿನಾಯಿತಿ ಇದೆ. ರಾಜ್ಯದಿಂದ ರಾಜ್ಯಕ್ಕೆ ಇದು ಬೇರೆ ಬೇರೆ. ಟೌನ್‌ಶಿಪ್ ಬಿಲ್ಡಿಂಗ್ ಆಫೀಸಿಗೆ ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ. ಹೊಸ ಮನೆಯಲ್ಲಿ ಈಗಾಗಲೇ ಹಾಕಿರುವ ಡ್ರೈವಾಲನ್ನು "ಇಂಡಸ್ಟ್ರಿಯಲ್ ಲುಕ್" ಬೇಕು ಅಂತ ಕಿತ್ತುಹಾಕುವುದು ಮಾತ್ರ ಖಂಡಿತ ಬೇಡ.

ಬೇಸ್‌ಮೆಂಟನ್ನು ಬೇರೆ ಅಡುಗೆಮನೆ ಮಾಡಿ ಬಾಡಿಗೆಗೆ ಕೊಡುವ ಯೋಚನೆ ಇದ್ದರೂ ಬಣ್ಣವನ್ನು ಮರೆತುಬಿಡಿ. ಕೆನಡಾದ ಬ್ರಾಂಪ್ಟನ್, ಮಿಸ್ಸಿಸಾಗಾ ಕಡೆ ಇದು ತುಂಬ ಸಾಮಾನ್ಯ. ಎರಡು ಸಂಸಾರಗಳ ನಡುವೆ ಬೆಂಕಿ ತಡೆಯುವ ಪದರ ಇರಲೇಬೇಕು. ತೆರೆದ ಜಾಯಿಸ್ಟ್‌ಗೆ ಎಷ್ಟು ಬಣ್ಣ ಬಳಿದರೂ ಅದು ಆ ಪದರ ಆಗುವುದಿಲ್ಲ.

ಇನ್ನೊಂದು ಸ್ಪ್ರೇ ಫೋಮ್, ಅಂದರೆ ಚಳಿ ತಡೆಯಲು ಊದುವ ನೊರೆ. ಜಾಯಿಸ್ಟ್‌ಗಳ ತುದಿ ಹೊರಗೋಡೆಗೆ ಸೇರುವ ಕಡೆ ಹಳದಿಯೋ ಬಿಳಿಯೋ ಫೋಮ್ ಊದಿರುತ್ತಾರೆ. ಆ ಅಂಚಿನಲ್ಲಿ ಇಂತಿಷ್ಟು ದಪ್ಪದವರೆಗೆ ಬಿಟ್ಟರೆ ಪರವಾಗಿಲ್ಲ. ಇಡೀ ಸೀಲಿಂಗ್‌ಗೆ ಊದಿದ್ದರೆ ಅದರ ಮುಂದೆ ಡ್ರೈವಾಲ್‌ನಂಥ ತಡೆ ಬೇಕೇ ಬೇಕು. ಜಾಯಿಸ್ಟ್ ನಡುವೆ ಕಂದು ಕಾಗದ ಅಂಟಿಸಿದ ಫೈಬರ್‌ಗ್ಲಾಸ್ ಇದ್ದರೂ ಅಷ್ಟೇ. ಆ ಕಾಗದ ಹತ್ತಿಕೊಳ್ಳುತ್ತದೆ, ತೆರೆದು ಬಿಡಬಾರದು ಅಂತ ಅದರ ಮೇಲೇ ಅಚ್ಚು ಹಾಕಿರುತ್ತಾರೆ. ಅದನ್ನು ತೆಗೆದು ಕಾಗದ ಇಲ್ಲದ ಮಿನರಲ್ ವುಲ್ (ಕಲ್ಲಿನ ಎಳೆಗಳ ಹತ್ತಿಯಂಥ ಪದರ) ಹಾಕಿಕೊಳ್ಳಬಹುದು.

ಹಳೆ ಮನೆ ಕೊಂಡವರಿಗೆ ಒಂದು ಮಾತು. 1980ಕ್ಕಿಂತ ಹಿಂದಿನ ಮನೆಯಲ್ಲಿ ಪೈಪಿನ ಸುತ್ತ ಬಿಳಿ ಪಟ್ಟಿ ಸುತ್ತಿದ್ದರೆ, ಡಕ್ಟ್ ಜೋಡಣೆಗಳಿಗೆ ಬಿಳಿ ಬಟ್ಟೆಯಂಥ ಟೇಪ್ ಇದ್ದರೆ, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. 1978ಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ಕಂಪ್ರೆಸರ್ ಹಿಡಿದು ಧೂಳು ಊದುವ ಮೊದಲು ಟೆಸ್ಟ್ ಮಾಡಿಸಿ. ಇದರಲ್ಲಿ ಮಾತ್ರ ಜುಗ್ಗತನ ಬೇಡ.

ಟೇಪ್ ಹಿಡಿದು ಅಳೆಯಿರಿ

ಮೇಲಿನ ಯಾವುದೂ ನಿಮಗೆ ಅಡ್ಡ ಬರಲಿಲ್ಲ ಅನ್ನಿ. ಆಗ ತೀರ್ಮಾನ ಮಾಡುವುದು ಎತ್ತರ. ಕೋಡ್ ಪ್ರಕಾರ ವಾಸಕ್ಕೆ ಬಳಸುವ ಜಾಗದಲ್ಲಿ ಸೀಲಿಂಗ್ ಕನಿಷ್ಠ 7 ಅಡಿ ಇರಬೇಕು. ಬೀಮ್, ಡಕ್ಟ್ ಕೆಳಗೆ ಅದು 6 ಅಡಿ 4 ಇಂಚಿನವರೆಗೆ ಇಳಿಯಬಹುದು. ಇದು ಮಾದರಿ ಕೋಡ್‌ನ ಲೆಕ್ಕ, ನಿಮ್ಮ ಊರಲ್ಲಿ ಸ್ವಲ್ಪ ಆಚೀಚೆ ಇರಬಹುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನೆಲದಿಂದ ಜಾಯಿಸ್ಟ್ ಅಡಿಗೆ 7 ಅಡಿ 8 ಇಂಚು. ಮುಖ್ಯ ಡಕ್ಟ್ ಅದರಿಂದ 8 ಇಂಚು ಕೆಳಗೆ ಇಳಿದಿದೆ, ಅಂದರೆ ಅಲ್ಲಿ ಸರಿಯಾಗಿ 7 ಅಡಿ. ಬಣ್ಣ ಹೊಡೆದರೆ ಎಲ್ಲೂ ಒಂದು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಜೊತೆಗೆ ಜಾಯಿಸ್ಟ್‌ಗಳ ನಡುವಿನ ಒಂಬತ್ತು ಇಂಚಿನ ಖಾಲಿ ಜಾಗವೂ ಕಣ್ಣಿಗೆ ಎತ್ತರವಾಗೇ ಕಾಣುತ್ತದೆ. ಡ್ರೈವಾಲ್ ಹಾಕಿದರೆ ಡಕ್ಟ್ ಇಲ್ಲದ ಬಯಲಿನಲ್ಲಿ ಅರ್ಧ ಇಂಚು ಹೋಗುತ್ತದೆ. ಡಕ್ಟ್ ಸುತ್ತ ಪೆಟ್ಟಿಗೆ ಕಟ್ಟಬೇಕು, ಅಲ್ಲಿ ಇನ್ನೆರಡು ಇಂಚು ಹೋಗಿ 6 ಅಡಿ 10 ಇಂಚು ಉಳಿಯುತ್ತದೆ. ಡ್ರಾಪ್ ಸೀಲಿಂಗ್‌ಗೆ ಟೈಲನ್ನು ಓರೆ ಮಾಡಿ ಮೇಲೆ ಸೇರಿಸಲು ಮೂರು ನಾಲ್ಕು ಇಂಚು ಬೇಕು. ಬಯಲಿನಲ್ಲಿ 7 ಅಡಿ 4 ಇಂಚು ಉಳಿಯುತ್ತದೆ. ಎಲ್ಲವೂ ಒಂದೇ ಮಟ್ಟ ಇರಲಿ ಅಂತ ಡಕ್ಟ್ ಕೆಳಗಿನಿಂದಲೇ ತೂಗುಹಾಕಿದರೆ 7 ಅಡಿಗಿಂತ ಕೆಳಗೆ ಬಂದುಬಿಡುತ್ತೀರಿ. ಇನ್‌ಸ್ಪೆಕ್ಟರ್ ಒಪ್ಪುವುದಿಲ್ಲ. ನೆಲಕ್ಕೆ ಸಬ್‌ಫ್ಲೋರ್, ಅದರ ಮೇಲೆ ವಿನೈಲ್ ಹಲಗೆ ಅಂತ ಇನ್ನೊಂದೂವರೆ ಇಂಚು ಹೋಗುವುದನ್ನು ಮರೆಯಬೇಡಿ.

ನೆಲದಿಂದ ಜಾಯಿಸ್ಟ್‌ವರೆಗಿನ ಎತ್ತರ 7 ಅಡಿ 6 ಇಂಚಿಗಿಂತ ಕಡಿಮೆ ಇದ್ದರೆ ನಾನಂತೂ ಡ್ರಾಪ್ ಸೀಲಿಂಗ್ ಹತ್ತಿರ ಹೋಗುವುದಿಲ್ಲ. 9 ಅಡಿ ಪಾಯದ ಹೊಸ ಮನೆಯಾದರೆ ಈ ಲೆಕ್ಕವೇ ಬೇಕಿಲ್ಲ, ಯಾವುದನ್ನಾದರೂ ಹಾಕಿಕೊಳ್ಳಿ.

ಸದ್ದು: ಬಣ್ಣ ಸೋಲುವ ಜಾಗ

ಬಣ್ಣದ ಸೀಲಿಂಗ್ ಬಗ್ಗೆ ಬರುವ ದೂರೆಲ್ಲ ಕೊನೆಗೆ ಸದ್ದಿಗೇ ಬಂದು ನಿಲ್ಲುತ್ತದೆ. ಮೇಲೆ ಮಿಕ್ಸಿ ತಿರುಗಿದರೆ, ಮಕ್ಕಳು ಓಡಿದರೆ, ಯಾರೋ ಕುರ್ಚಿ ಎಳೆದರೆ ಕೆಳಗೆ ಕೂತವರಿಗೆ ಎಲ್ಲವೂ ಕೇಳುತ್ತದೆ. ಕೆಳಗೆ ಸಿನಿಮಾ ಹಾಕಿದರೆ ಮೇಲೆ ಮಲಗಿದವರಿಗೂ ಅದೇ ಗತಿ.

ಸದ್ದಿನಲ್ಲಿ ಎರಡು ಬಗೆ ಇದೆ. ಮಾತು, ಟೀವಿ, ಸಂಗೀತ ಗಾಳಿಯಲ್ಲಿ ಬರುತ್ತವೆ. ಹೆಜ್ಜೆ ಸಪ್ಪಳ ಮರದ ಮೂಲಕವೇ ಇಳಿಯುತ್ತದೆ. ಜಾಯಿಸ್ಟ್‌ಗಳ ನಡುವೆ ಮಿನರಲ್ ವುಲ್ ತುಂಬಿದರೆ ಮೊದಲನೆಯದು ಸ್ವಲ್ಪ ಕಡಿಮೆಯಾಗುತ್ತದೆ. ಎರಡನೆಯದಕ್ಕೆ ಅದು ಸಾಲದು. ಡ್ರೈವಾಲನ್ನು ನೇರ ಜಾಯಿಸ್ಟ್‌ಗೆ ತಿರುಪು ಹಾಕಿ ಕೂರಿಸಿದರೂ ಹೆಜ್ಜೆ ಸಪ್ಪಳ ಇಳಿದೇ ಇಳಿಯುತ್ತದೆ, ಏಕೆಂದರೆ ಮರ, ತಿರುಪು, ಹಲಗೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಡುವೆ ರಬ್ಬರ್ ಕ್ಲಿಪ್ ಅಥವಾ ರೆಸಿಲಿಯೆಂಟ್ ಚಾನೆಲ್ ಅನ್ನುವ ತೆಳು ಲೋಹದ ಪಟ್ಟಿ ಹಾಕಿ, ಮೇಲೆ ಮಿನರಲ್ ವುಲ್ ತುಂಬಿ, ಆಮೇಲೆ ಡ್ರೈವಾಲ್ ಹಾಕಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. "ಡ್ರೈವಾಲ್ ಹಾಕಿದ್ರೆ ಸೌಂಡ್ ಪ್ರೂಫ್ ಸಾರ್" ಅನ್ನುವ ಕಾಂಟ್ರಾಕ್ಟರ್‌ಗೆ ಕ್ಲಿಪ್ ಹಾಕ್ತೀರಾ ಅಂತ ಕೇಳಿ ನೋಡಿ. ಉತ್ತರದಲ್ಲೇ ಮನುಷ್ಯ ಎಂಥವನು ಅಂತ ತಿಳಿಯುತ್ತದೆ.

ಮೇಲೆ ಕಾರ್ಪೆಟ್ ಇದ್ದರೆ ಕೆಳಗೆ ಕೇಳುವ ಹೆಜ್ಜೆ ಸದ್ದು ಅರ್ಧಕ್ಕರ್ಧ ಸಹಿಸುವಂತಿರುತ್ತದೆ. ಗಟ್ಟಿ ಮರದ ನೆಲ ಇದ್ದರೆ ಕಷ್ಟ. ಅಪ್ಪ ಅಮ್ಮ ಮಲಗುವ ರೂಮಿನ ಮೇಲೆ ನಿಮ್ಮ ಅಡುಗೆಮನೆ ಬಂದಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಜೆಟ್‌ಲ್ಯಾಗ್‌ನಲ್ಲಿ ಹಗಲು ಮಲಗಿದವರ ತಲೆ ಮೇಲೆ ಮಿಕ್ಸಿ ಓಡಿದರೆ ಚೆನ್ನಾಗಿರುವುದಿಲ್ಲ, ಅಲ್ವಾ?

ಸೋರಿದಾಗ, ವೈರ್ ಎಳೆಯುವಾಗ

ಮೇಲಿನ ಬಾತ್‌ರೂಮ್, ಡಿಶ್‌ವಾಷರ್, ಲಾಂಡ್ರಿ ಪೈಪುಗಳೆಲ್ಲ ಈ ಸೀಲಿಂಗ್‌ನಲ್ಲೇ ಹೋಗುತ್ತವೆ. ಬಣ್ಣದ ಸೀಲಿಂಗ್‌ನಲ್ಲಿ ಸೋರಿಕೆ ಮೊದಲ ದಿನವೇ ಕಾಣುತ್ತದೆ. ಡ್ರಾಪ್ ಸೀಲಿಂಗ್‌ನಲ್ಲಿ ಟೈಲ್ ಮೇಲೆ ಕಂದು ಕಲೆ ಬರುತ್ತದೆ, ಟೈಲ್ ಎತ್ತಿ ನೋಡಿ ಬದಲಿಸಬಹುದು. ಡ್ರೈವಾಲ್ ಆದರೆ ಕೊಯ್ಯಬೇಕು, ತೇಪೆ ಹಾಕಬೇಕು. ಸೀಲಿಂಗ್‌ನಲ್ಲಿ ತೇಪೆ ಕಾಣದ ಹಾಗೆ ಮಾಡುವವರು ಸುಲಭಕ್ಕೆ ಸಿಗುವುದಿಲ್ಲ.

ಡ್ರೈವಾಲ್ ಹಾಕುವವರು ಇನ್ನೊಂದು ನಿಯಮ ನೆನಪಿಡಬೇಕು. ಕರೆಂಟಿನ ಜಂಕ್ಷನ್ ಬಾಕ್ಸ್‌ಗಳನ್ನು ಸೀಲಿಂಗ್ ಹಿಂದೆ ಹುದುಗಿಸುವಂತಿಲ್ಲ, ಏನನ್ನೂ ಒಡೆಯದೆ ಕೈಗೆ ಸಿಗಬೇಕು. ನೀರಿನ ವಾಲ್ವ್, ಡ್ರೈನ್ ಶುಚಿ ಮಾಡುವ ಬಾಯಿಗಳಿಗೂ (ಕ್ಲೀನ್‌ಔಟ್) ಅಲ್ಲಲ್ಲಿ ಪುಟ್ಟ ಬಾಗಿಲು ಬಿಡಬೇಕು. ಹಳೆ ಮನೆಗಳಲ್ಲಿ ಇಂಥ ಬಾಗಿಲು ಎಷ್ಟಾಗುತ್ತವೆ ಅಂದರೆ ನುಣುಪಾದ ಸೀಲಿಂಗ್ ಅನ್ನುವ ಆಸೆಯೇ ಹೊರಟುಹೋಗುತ್ತದೆ.

ಖರ್ಚು

ಬಣ್ಣ ಎಲ್ಲಕ್ಕಿಂತ ಅಗ್ಗ, ಅದರಲ್ಲಿ ಎರಡು ಮಾತಿಲ್ಲ. ಡ್ರೈವಾಲ್ ಹಲಗೆ ಅಗ್ಗ, ಕೂಲಿ ದುಬಾರಿ. 40ರಿಂದ 50 ಪೌಂಡ್ ತೂಗುವ ಹಲಗೆಯನ್ನು ತಲೆ ಮೇಲೆ ಹಿಡಿದು ಕೂರಿಸಬೇಕು, ಆಮೇಲೆ ಸಂದುಗಳಿಗೆ ಟೇಪ್, ಮಡ್ (ಪುಟ್ಟಿ) ಮೆತ್ತಿ ಉಜ್ಜಬೇಕು. ಡ್ರಾಪ್ ಸೀಲಿಂಗ್ ಇದಕ್ಕೆ ತಿರುವುಮುರುವು: ಟೈಲ್, ಗ್ರಿಡ್‌ಗೆ ದುಡ್ಡು ಜಾಸ್ತಿ, ಆದರೆ ತಾಳ್ಮೆ ಇರುವವರು ವಾರಾಂತ್ಯಗಳಲ್ಲಿ ತಾವೇ ಹಾಕಬಹುದು.

ಬಣ್ಣದ ಲೆಕ್ಕದಲ್ಲಿ ಮಾತ್ರ ಜನ ಮೋಸ ಹೋಗುತ್ತಾರೆ. 1000 ಚದರಡಿ ಬೇಸ್‌ಮೆಂಟ್, ಗ್ಯಾಲನ್‌ಗೆ 350 ಚದರಡಿ, ಮೂರು ಗ್ಯಾಲನ್ ಸಾಕು ಅಂತ ಹೊರಡುತ್ತಾರೆ. ಆದರೆ ಜಾಯಿಸ್ಟ್‌ಗಳ ಎರಡೂ ಪಕ್ಕಕ್ಕೆ ಬಣ್ಣ ಬೇಕಲ್ಲ! 2×10 ಜಾಯಿಸ್ಟ್‌ನ ನಿಜವಾದ ಎತ್ತರ ಒಂಬತ್ತೂ ಕಾಲು ಇಂಚು. 16 ಇಂಚಿಗೊಂದು ಜಾಯಿಸ್ಟ್ ಅಂದರೆ, ಪ್ರತಿ 16 ಇಂಚಿಗೆ ಎರಡು ಪಕ್ಕ ಸೇರಿ ಹದಿನೆಂಟೂವರೆ, ಜಾಯಿಸ್ಟ್‌ನ ಕೆಳಮುಖ ಒಂದೂವರೆ, ನಡುವಿನ ನೆಲಹಲಗೆ ಹದಿನಾಲ್ಕೂವರೆ, ಒಟ್ಟು ಮೂವತ್ತನಾಲ್ಕೂವರೆ ಇಂಚು. ಹತ್ತಿರ ಹತ್ತಿರ 2.16 ಪಟ್ಟು. 1000 ಚದರಡಿ ನೆಲಕ್ಕೆ ಮೇಲೆ 2160 ಚದರಡಿ, ಡಕ್ಟ್, ಪೈಪು ಬೇರೆ. ಸ್ಪ್ರೇ ಮಾಡುವಾಗ ಗಾಳಿಗೆ ಹೋಗುವುದೂ ಸೇರಿದರೆ ಒಂದು ಕೋಟಿಂಗ್‌ಗೇ 5 ಗ್ಯಾಲನ್‌ನ ಎರಡು ಬಕೆಟ್ ಹಿಡಿಯುತ್ತದೆ. ಆದರೂ ಡ್ರೈವಾಲ್ ಕೂಲಿಯ ಮುಂದೆ ಇದು ಏನೂ ಅಲ್ಲ.

ಬಣ್ಣದ ಕೆಲಸ ಹೇಗಿರುತ್ತದೆ

ರೋಲರ್, ಬ್ರಷ್ ಹಿಡಿದು ಈ ಕೆಲಸಕ್ಕೆ ಇಳಿಯಬೇಡಿ. ಹೋಮ್ ಡಿಪೋದಂಥ ಅಂಗಡಿಯಲ್ಲಿ ಏರ್‌ಲೆಸ್ ಸ್ಪ್ರೇಯರ್ ಬಾಡಿಗೆಗೆ ಸಿಗುತ್ತದೆ. ಸ್ಪ್ರೇ ಮಾಡುವುದು ಒಂದು ದಿನದ ಮಾತು. ಅದಕ್ಕೆ ಮುಂಚಿನ ತಯಾರಿಯೇ ನಿಜವಾದ ಕೆಲಸ.

ಗೋಡೆಯ ಫಿನಿಶಿಂಗ್‌ಗೂ ನೆಲ ಹಾಕುವುದಕ್ಕೂ ಮೊದಲೇ ಸೀಲಿಂಗ್ ಮುಗಿಸಿ. ಹಳೆ ಕೇಬಲ್ ಟೀವಿ ವೈರು, ಯಾವುದಕ್ಕೂ ಸೇರದ ಟೆಲಿಫೋನ್ ತಂತಿ ಎಲ್ಲ ಕಿತ್ತುಹಾಕಿ. ಉಳಿದ ವೈರುಗಳನ್ನು ಜಾಯಿಸ್ಟ್ ಗುಂಟ ನೇರವಾಗಿ ಎಳೆದು ಸ್ಟೇಪಲ್ ಮಾಡಿಸಿ. ಜೋಲು ಬಿದ್ದ ವೈರಿಗೆ ಬಣ್ಣ ಹೊಡೆದರೆ ಅದು ಬಣ್ಣ ಹೊಡೆದ ಜೋಲು ವೈರು ಆಗುತ್ತದೆ, ಅಷ್ಟೇ. ತೂರಿದ ಮೊಳೆಗಳನ್ನು ಕತ್ತರಿಸಿ. ಪೈಪು, ವೈರು ಮೇಲಿನ ನೆಲ ತೂರುವ ತೂತುಗಳಿಗೆ ಫೈರ್ ಕಾಕ್ (ಬೆಂಕಿ ತಡೆಯುವ ಅಂಟು) ಹಾಕಿ ಮುಚ್ಚಿ. ಇದು ಬೆಂಕಿಗೂ ತಡೆ, ಬಣ್ಣದ ವಾಸನೆ ಮೇಲೆ ಹೋಗದಂತೆಯೂ ತಡೆ. ಆಮೇಲೆ ವ್ಯಾಕ್ಯೂಮ್ ಹಿಡಿದು ಜೇಡರ ಬಲೆ, ಮರದ ಪುಡಿ ಎಲ್ಲ ತೆಗೆಯಿರಿ. ತಗಡಿನ ಡಕ್ಟ್ ಮೇಲೆ ತೆಳು ಎಣ್ಣೆ ಪದರ ಇರುತ್ತದೆ. ಒರೆಸದೆ ಹೊಡೆದರೆ ಬಣ್ಣ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಫರ್ನೇಸ್ (ಮನೆ ಬಿಸಿ ಮಾಡುವ ಯಂತ್ರ) ಮತ್ತು ಎಸಿ ಆಫ್ ಮಾಡಿ. ಇಲ್ಲದಿದ್ದರೆ ಗಾಳಿಯನ್ನು ವಾಪಸ್ ಎಳೆಯುವ ರಿಟರ್ನ್ ಡಕ್ಟ್ ಬಣ್ಣದ ಮಂಜನ್ನು ಎಳೆದು ಇಡೀ ಮನೆಗೆ ಹಂಚುತ್ತದೆ. ಗ್ಯಾಸ್ ವಾಟರ್ ಹೀಟರ್‌ನ ಪೈಲಟ್ (ಸದಾ ಉರಿಯುವ ಪುಟ್ಟ ಜ್ವಾಲೆ) ಆರಿಸಲೇಬೇಕು. ಶೆಲಾಕ್ ಅಥವಾ ಎಣ್ಣೆ ಆಧಾರಿತ ಪ್ರೈಮರ್‌ನ ಆವಿ ಹೊತ್ತಿಕೊಳ್ಳುವಂಥದ್ದು. ಕಿಟಕಿಗೆ ಫ್ಯಾನ್ ಇಟ್ಟು ಗಾಳಿ ಹೊರಗೆ ತಳ್ಳಿ. ಬಟ್ಟೆ ಮಾಸ್ಕ್ ಸಾಲದು, ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್ ಹಾಕಿಕೊಳ್ಳಿ.

ಕೆಲವಕ್ಕೆ ಬಣ್ಣ ತಾಕಲೇಬಾರದು. ಸ್ಮೋಕ್ ಅಲಾರಂ, ಕಾರ್ಬನ್ ಮೊನಾಕ್ಸೈಡ್ ಅಲಾರಂ, ಕರೆಂಟ್ ಪ್ಯಾನೆಲ್, ವಾಲ್ವ್ ಹಿಡಿ, ಗ್ಯಾಸ್ ಪೈಪಿನ ಮೇಲಿನ ಲೇಬಲ್. ಮೇರಿಲ್ಯಾಂಡ್‌ನಂಥ ಕಡೆ ಹೊಸ ಮನೆಗಳಲ್ಲಿ ಸ್ಪ್ರಿಂಕ್ಲರ್ ಇರುತ್ತದೆ. ಅದರ ಹೆಡ್‌ಗೆ ಬಣ್ಣ ಬಿದ್ದರೆ ಒರೆಸಿ ಬಳಸುವಂತಿಲ್ಲ, ಹೊಸದೇ ಹಾಕಬೇಕು. ವೈರುಗಳ ವಿಷಯ ಸ್ವಲ್ಪ ಸೂಕ್ಷ್ಮ. ಮನೆಗಳಲ್ಲಿ ಬಳಸುವ ರೋಮೆಕ್ಸ್ ವೈರಿನ ಹೊರಬಣ್ಣಕ್ಕೆ ಅರ್ಥ ಇದೆ: ಬಿಳಿ 14 ಗೇಜ್ (ತಂತಿಯ ದಪ್ಪದ ಅಳತೆ), ಹಳದಿ 12, ಕಿತ್ತಳೆ 10. ಎಲ್ಲಕ್ಕೂ ಕಪ್ಪು ಬಳಿದರೆ ಮುಂದೆ ಬರುವ ಎಲೆಕ್ಟ್ರಿಷಿಯನ್‌ಗೆ ಅದೇನೂ ಕಾಣುವುದಿಲ್ಲ. ನಿಮ್ಮ ಊರಿನ ಇನ್‌ಸ್ಪೆಕ್ಟರ್ ಒಪ್ಪುತ್ತಾರಾ ಕೇಳಿ. ವೈರು, ಪ್ಲಾಸ್ಟಿಕ್ ಪೈಪುಗಳ ಮೇಲೆ ನೀರಿನ ಆಧಾರದ ಬಣ್ಣ ಮಾತ್ರ ಹೊಡೆಯಿರಿ.

ಅಂಗಡಿಯಲ್ಲಿ ಡ್ರೈಫಾಲ್ ಅನ್ನುವ ಬಣ್ಣ ತೋರಿಸುತ್ತಾರೆ. ಗಾಳಿಯಲ್ಲೇ ಒಣಗಿ ನೆಲಕ್ಕೆ ಪುಡಿಯಾಗಿ ಬೀಳುವಂಥದ್ದು, ಗುಡಿಸಿದರೆ ಆಯಿತು. ಗೋದಾಮುಗಳಿಗೆ ಮಾಡಿದ ಬಣ್ಣ ಅದು, ಒಣಗಲು ಸುಮಾರು 10 ಅಡಿ ಬೀಳಬೇಕು. ನಿಮ್ಮ ಎಂಟಡಿ ಬೇಸ್‌ಮೆಂಟ್‌ನಲ್ಲಿ, ಅದೂ ತೇವ ಇದ್ದರೆ, ಅರ್ಧ ಹಸಿಯಾಗೇ ನೆಲ ಮುಟ್ಟುತ್ತದೆ. ಹಾಗಾಗಿ ಬಣ್ಣ ಯಾವುದೇ ಇರಲಿ, ನೆಲ ಗೋಡೆ ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿ.

ಸ್ಪ್ರೇ ಮಾಡುವಾಗ ಒಂದು ದಿಕ್ಕಿನಿಂದ ಹೋಗಿ, ಆಮೇಲೆ ಎದುರು ದಿಕ್ಕಿನಿಂದ ಬನ್ನಿ. ಒಂದೇ ಕಡೆಯಿಂದ ಹೊಡೆದರೆ ಜಾಯಿಸ್ಟ್‌ನ ಇನ್ನೊಂದು ಪಕ್ಕ ಹಾಗೇ ಉಳಿಯುತ್ತದೆ. ಮೆಟ್ಟಿಲಿಳಿದು ಬರುವವರಿಗೆ ಅದೇ ಪಕ್ಕ ಕಾಣುವುದು!

ಕಪ್ಪೋ ಬಿಳಿಯೋ

ಕಪ್ಪು ಎಲ್ಲವನ್ನೂ ನುಂಗುತ್ತದೆ. ಪೈಪು, ಡಕ್ಟ್, ಹಳೆ ಕಲೆ ಯಾವುದೂ ಎದ್ದು ಕಾಣುವುದಿಲ್ಲ. ಪ್ರೈಮರ್ ಇಲ್ಲದೆಯೂ ಬಹಳ ಮಟ್ಟಿಗೆ ನಡೆಯುತ್ತದೆ. ಬಿಳಿ ಬೆಳಕು ಹೆಚ್ಚಿಸುತ್ತದೆ, ಆದರೆ ಮರದ ಗಂಟುಗಳಿಂದ ಅಂಟು ಬಣ್ಣ ಸೋರಿ ಹಳದಿ ಕಲೆ ಬರುತ್ತದೆ. ಅದಕ್ಕೆ ಕಲೆ ತಡೆಯುವ ಪ್ರೈಮರ್ ಬೇಕು, ಖರ್ಚು ಏರುತ್ತದೆ. ಗಾಢ ಬೂದು ಇವೆರಡರ ನಡುವೆ ನಿಲ್ಲುತ್ತದೆ. ಕಿಟಕಿ ಚಿಕ್ಕದಿರುವ ಬೇಸ್‌ಮೆಂಟ್‌ಗೆ ನನಗಂತೂ ಅದೇ ಇಷ್ಟ. ಯಾವುದೇ ಆದರೂ ಹೊಳಪಿಲ್ಲದ ಫ್ಲ್ಯಾಟ್ ಬಣ್ಣ ತೆಗೆದುಕೊಳ್ಳಿ. ಹೊಳಪಿದ್ದರೆ ಪ್ರತಿ ಪೈಪೂ ದೀಪದ ಬೆಳಕಿಗೆ ಮಿನುಗುತ್ತದೆ.

ಕಪ್ಪು ಗೆಲ್ಲುವುದೂ ಸೋಲುವುದೂ ದೀಪದಿಂದ. ದೀಪಗಳು ಜಾಯಿಸ್ಟ್ ಅಡಿಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗಿದ್ದು ಕೆಳಮುಖ ಬೆಳಕು ಚೆಲ್ಲಬೇಕು. ಟ್ರ್ಯಾಕ್ ಲೈಟ್ ಇದಕ್ಕೆ ಸರಿ. ಜಾಯಿಸ್ಟ್‌ಗಳ ನಡುವೆ ಮೇಲೆ ಬಲ್ಬ್ ಹಾಕಿದರೆ ಮರೆಮಾಡಿದ್ದೆಲ್ಲ ಮತ್ತೆ ಬೆಳಗುತ್ತದೆ. ಕಪ್ಪು ಬೆಳಕನ್ನು ಹೀರುವುದರಿಂದ ದೀಪಗಳೂ ಸ್ವಲ್ಪ ಜಾಸ್ತಿ ಬೇಕು.

ಎರಡನ್ನೂ ಸೇರಿಸುವುದು

ಇಡೀ ಬೇಸ್‌ಮೆಂಟಿಗೆ ಒಂದೇ ಸೀಲಿಂಗ್ ಇರಬೇಕು ಅಂತ ಯಾರೂ ಹೇಳಿಲ್ಲ. ಬಹಳ ಮನೆಗಳಿಗೆ ಹೊಂದುವುದು ಇದು: ಮಲಗುವ ರೂಮಿಗೂ ಹೋಮ್ ಥಿಯೇಟರ್‌ಗೂ ಕ್ಲಿಪ್ ಸಹಿತ ಡ್ರೈವಾಲ್, ಆಟ, ಜಿಮ್, ಪಾರ್ಟಿ ಜಾಗಕ್ಕೆ ಬಣ್ಣ, ಫರ್ನೇಸ್ ಮೂಲೆಗೆ ಏನೂ ಇಲ್ಲ. ಡ್ರಾಪ್ ಸೀಲಿಂಗ್ ಬೇಕೆನಿಸುವುದು ಬಾತ್‌ರೂಮ್‌ನ ಡ್ರೈನ್‌ಗಳೆಲ್ಲ ಗುಂಪಾಗಿರುವ ಕಡೆ, ಅದೂ ಎತ್ತರ ಧಾರಾಳ ಇದ್ದರೆ. ತೇವ ಜಾಸ್ತಿ ಇರುವ ಬೇಸ್‌ಮೆಂಟ್‌ನಲ್ಲಿ ಅಗ್ಗದ ಟೈಲ್ ಜೋಲುತ್ತದೆ, ಡಿಹ್ಯುಮಿಡಿಫೈಯರ್ ಇಟ್ಟುಕೊಳ್ಳಿ.

ಮನೆ ಮಾರುವ ಯೋಚನೆ ಎರಡು ಮೂರು ವರ್ಷದೊಳಗೆ ಇದ್ದರೆ ಬಣ್ಣಕ್ಕೆ ಮುಂಚೆ ರಿಯಲ್ಟರ್‌ನ ಕೇಳಿ. ಬೇಸ್‌ಮೆಂಟ್ ಜಾಗವನ್ನು ಅಪ್ರೈಸರ್‌ಗಳು (ಮನೆಗೆ ಬೆಲೆ ಕಟ್ಟುವವರು) ಮೇಲಿನ ಮನೆಯಿಂದ ಬೇರೆಯಾಗೇ ಲೆಕ್ಕ ಹಾಕುತ್ತಾರೆ. ತೆರೆದ ಜಾಯಿಸ್ಟ್ ಇರುವ ಜಾಗವನ್ನು ಫಿನಿಶ್ಡ್ ಅಂತ ಎಲ್ಲರೂ ಒಪ್ಪುವುದಿಲ್ಲ. ಇರಲು ಅಂತಲೇ ಕೊಂಡ ಮನೆಯಾದರೆ ಈ ಚಿಂತೆ ಬಿಡಿ.

ಬಣ್ಣ ಹೊಡೆದವರು ಒಂದು ಡಬ್ಬಿ ಉಳಿಸಿಟ್ಟುಕೊಳ್ಳಿ. ಮುಂದೆ ಹೊಸ ವೈರು ಎಳೆದಾಗ ಕಪ್ಪಿನ ನಡುವೆ ಅದು ಬೆಳ್ಳಗೆ ಹೊಳೆಯುತ್ತದೆ. ಮುಚ್ಚುವುದೇ ಅಂತ ತೀರ್ಮಾನಿಸಿದವರು ಮೊದಲ ಹಲಗೆ ಏರಿಸುವ ಮುಂಚೆ ಪ್ರತಿ ಭಾಗದ ಫೋಟೋ ತೆಗೆದಿಡಿ, ಗೋಡೆಯಿಂದ ಎಷ್ಟು ದೂರ ಅಂತ ಕಾಣುವ ಹಾಗೆ ಟೇಪ್ ಹಿಡಿದು. ನೀರು ಸೋರಿದ ದಿನ ಎಲ್ಲಿ ಕೊಯ್ಯಬೇಕು ಅಂತ ಪ್ಲಂಬರ್‌ಗೆ ಅದನ್ನು ತೋರಿಸಬಹುದು.